ತೋರಣಹಾಳದ ಬಾಯಿಯ ಪರವಾಗಿ ನಾಲ್ಕು ಮಾತು

ಸಿಂದಗಿಯ ಈ ಸಭಾಂಗಣದ ವೇದಿಕೆಯಲ್ಲಿ ನಡುವಿನ ಎತ್ತರದ ಕುರ್ಚಿಯಲ್ಲಿ ಕುಳಿತಿರುವ ನಗುಮೊಗ ಸೇವಾ ಸಮಿತಿಯ ಅಧ್ಯಕ್ಷರಾದ ಸನ್ಮಾನ್ಯ ಕಾಳಪ್ಪ ಸಾವಕಾರರೇ, ಇವತ್ತು ಸನ್ಮಾನ ಸ್ವೀಕರಿಸಲಿರುವ ಇದೇ ಊರಿನ ದಂತವೈದ್ಯರಾದ ಡಾಕ್ಟರ್ ಅನೀಲಕುಮಾರ ಅವರೇ, ನೀರಿನ ಕಾಮಗಾರಿ ನೋಡಿಕೊಳ್ಳುವ ಇಂಜಿನಿಯರ್ ಸಾಹೇಬರೇ, ಅವರ ಹೆಗಲಿಗೆ ಹೆಗಲು ಹಚ್ಚಿ ಕುಳಿತಿರುವ ಗುತ್ತಿಗೆದಾರರೇ, ಬಂದೋಬಸ್ತಿಗೆಂದು ಬಂದು ಪಂಖಾದ ಕೆಳಗೆ ಜಾಗ ಹಿಡಿದಿರುವ ಪೊಲೀಸ್ ಸಾಹೇಬರೇ, ಪತ್ರಿಕೆಯವರೇ, ಇಂಡಿಯಿಂದ, ಮುದ್ದೇಬಿಹಾಳದಿಂದ, ಬಸವನ ಬಾಗೇವಾಡಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಅಣ್ಣಂದಿರೇ, ಅಕ್ಕಂದಿರೇ, ಒಟ್ಟಾರೆ ಸಭಿಕರೇ,

ನಿಮ್ಮಲ್ಲಿ ಅನೇಕರು ನನ್ನ ಮುಖ ನೋಡುತ್ತಿಲ್ಲ, ನನ್ನ ತಲೆಯ ಮೇಲೆ ನೋಡುತ್ತಿದ್ದೀರಿ. ನೋಡಿ, ಸಂಕೋಚ ಬೇಡ. ಹಿಂದಿನ ಫ್ಲೆಕ್ಸಿನಲ್ಲಿ ಬಾಗಿಲಿನಷ್ಟು ಅಗಲವಾಗಿ ಎರಡು ಬಾಯಿಗಳಿವೆಯಲ್ಲ, ಎರಡೂ ನನ್ನವೇ. ಎಡಗಡೆಯದು ಶಿಬಿರಕ್ಕಿಂತ ಮೊದಲಿನದು, ಬಲಗಡೆಯದು ಶಿಬಿರದ ನಂತರದ್ದು. ಮೂಗಿನಿಂದ ಮೇಲೆ ಕತ್ತರಿಸಿದ್ದಾರೆ. ಮೂಗು, ಕಣ್ಣು, ಹಣೆ ಇವೆಲ್ಲ ಫಲಾನುಭವಿಗೆ ಬೇಕಾಗಿಲ್ಲವಂತೆ. ಹೀಗಾಗಿ ನಾನು ಯಾರೆಂದು ನಿಮಗೆ ಗೊತ್ತಾಗಬೇಕಾದರೆ ನಾನು ಬಾಯಿ ತೆರೆಯಲೇಬೇಕು. ಬಾಯಿ ತೆರೆಯುವುದಕ್ಕೇ ಕರೆಸಿದ್ದೀರಿ, ತೆರೆಯುತ್ತೇನೆ.

ನಾನು ರಾಜೇಶ್ವರಿ. ತೋರಣಹಾಳ ಗ್ರಾಮ ಪಂಚಾಯಿತಿಯ ಸದಸ್ಯೆ. ಅದಕ್ಕೂ ಮೊದಲು ಬಹಳ ವರ್ಷ ಮಹಿಳಾ ಸಂಘಟನೆಯಲ್ಲಿದ್ದವಳು. ಕಚೇರಿಗಳ ಮುಂದಿನ ಬೇವಿನ ಮರದ ನೆರಳನ್ನು ನನ್ನ ಮನೆಯ ಪಡಸಾಲೆಗಿಂತ ಹೆಚ್ಚು ಬಳಸಿದವಳು. ಧಿಕ್ಕಾರ ಕೂಗಿ ಪಳಗಿದ ಗಂಟಲಿಗೆ ಇವತ್ತು ಅಭಿನಂದನೆಯ ಕೆಲಸ ಕೊಟ್ಟಿದ್ದೀರಿ. ಹೊಸ ಹಲ್ಲಿದ್ದವರಿಗೆ ಯಾವ ಕೆಲಸ ತಾನೆ ಕಷ್ಟ?

ಮೊನ್ನೆ ಈ ಕಾರ್ಯಕ್ರಮದ ನಿರೂಪಣೆ ಮಾಡುತ್ತಿರುವ ಶ್ರೀಶೈಲ ಮಾಸ್ತರರು ನನಗೆ ಫೋನು ಮಾಡಿದ್ದರು. "ಅಕ್ಕಾರ, ನೀವು ಏನರ ಮಾತಾಡ್ರಿ, ನಾವೇನೂ ಅಡ್ಡ ಬರಂಗಿಲ್ಲ. ಖರೆ ಕಡೀಕ ಒಂದ ಮಾತು ಅಂದಬಿಡ್ರಿ, ತೋರಣಹಾಳದ ಹಲ್ಲಿನ ಸಮಸ್ಯೆ ಪೂರ್ತಿ ಬಗೆಹರದೈತಿ ಅಂತ. ನಾಳೆ ಪೇಪರಿನ್ಯಾಗ ದಪ್ಪ ಅಕ್ಷರದಾಗ ಬರಬೇಕಂತ ಸಾವಕಾರ್ದು ಆಸೆ ಐತಿ."

"ಅಂದ್ರ ಏನಾಗ್ತೈತ್ರಿ ಮಾಸ್ತರ?" ಎಂದು ಕೇಳಿದೆ.

"ಏನಾಗ್ತೈತಿ, ಜಗಳ ಮುಗೀತೈತ್ರಿ. ನಿಮ್ಮೂರಾಗ ಕೀಲಿ ಹಾಕಿದ ಶುದ್ಧ ನೀರಿನ ಘಟಕ ಐತಲ್ಲ, ಸಮಸ್ಯೆನ ಇಲ್ಲಂದ ಮ್ಯಾಲ ಅದು ಯಾಕ ಬೇಕು? ಮಷೀನು ಬಿಚ್ಚಿಕೊಂಡು ಬ್ಯಾರೆ ಊರಿಗೆ ಒಯ್ತಾರ. ನಿಮಗೂ ತಲಿಬ್ಯಾನಿ ತಪ್ಪತೈತಿ."

ಮಾಸ್ತರರು ಒಳ್ಳೆಯವರು. ಒಳಗಿನದನ್ನು ಹೊರಗೆ ಹೇಳಿಬಿಡುವಷ್ಟು ಒಳ್ಳೆಯವರು. ಆ ಒಂದು ಮಾತನ್ನು ನಾನು ಈ ಮೈಕಿನಲ್ಲಿ ಹೇಳಬೇಕೋ, ಹೇಳಬಾರದೋ? ಇಷ್ಟೇ ನನ್ನ ಇವತ್ತಿನ ಭಾಷಣದ ವಿಷಯ. ನನ್ನ ಮನೆಯಲ್ಲಿ ಕಾವೇರಿ ಎಂಬ ಮೊಮ್ಮಗಳಿದ್ದಾಳೆ. ಎರಡು ತುಂಬಿ ಮೂರರಲ್ಲಿ ನಡೆಯುತ್ತಿದೆ. ನಾನು ಏನು ಹೇಳುತ್ತೇನೆ ಎಂಬುದರ ಮೇಲೆ ಅವಳ ಬಾಯಿ ನಿಂತಿದೆ. ಹೇಗೆಂದು ಹೇಳುತ್ತೇನೆ. ಸ್ವಲ್ಪ ಸುತ್ತು ಹಾಕಿ ಹೇಳುತ್ತೇನೆ, ತಾಳ್ಮೆಯಿರಲಿ.

ತೋರಣಹಾಳ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮೂರಿನ ಬಾವಿ ಬತ್ತಿ ನಾನು ತೊಟ್ಟಿಲಲ್ಲಿದ್ದಾಗ ಬೋರವೆಲ್ ಬಂತು. ಊರವರು ಡೊಳ್ಳು ಬಾರಿಸಿ ಪಂಪಿನ ಹಿಡಿಗೆ ಕುಂಕುಮ ಹಚ್ಚಿದರಂತೆ. ಆ ನೀರಿನಲ್ಲಿ ಫ್ಲೋರೈಡ್ ಎಂಬುದೊಂದು ಇದೆ, ಅದು ಅಳತೆ ಮೀರಿ ಇದೆ, ಎಂದು ನಮಗೆ ತಿಳಿಯುವ ಹೊತ್ತಿಗೆ ಒಂದು ತಲೆಮಾರಿನ ಹಲ್ಲು ಬಂದು ಮುಗಿದಿತ್ತು. ಮೊದಲು ಸುಣ್ಣ ಸಿಡಿದಂತೆ ಚುಕ್ಕೆ. ಆಮೇಲೆ ಚಹಾದ ಕಲೆ. ಆಮೇಲೆ ಬೆಲ್ಲದ ಬಣ್ಣ. ಕೊನೆಗೆ ಅಂಚು ಉದುರಿ ಮುಂದಿನ ಹಲ್ಲು ಹಳೆಯ ಗೋಡೆಯಂತಾಗುತ್ತದೆ. ಬೂದಿ ಹಚ್ಚಿ ತಿಕ್ಕಿದೆವು, ಉಪ್ಪು ಹಚ್ಚಿ ತಿಕ್ಕಿದೆವು, ಟೀವಿಯಲ್ಲಿ ತೋರಿಸಿದ್ದನ್ನೆಲ್ಲ ಹಚ್ಚಿ ತಿಕ್ಕಿದೆವು. ಒಸಡು ಸವೆಯಿತು, ಬಣ್ಣ ಹೋಗಲಿಲ್ಲ. ಕಲೆ ಮೇಲೆ ಇರಲಿಲ್ಲ, ಒಳಗೆ ಇತ್ತು.

ಆದರೆ ನೋಡಿ, ಈ ಹಲ್ಲಿನಿಂದ ನಮ್ಮೂರಿಗೆ ಬಂದ ಕೀರ್ತಿ ಸಣ್ಣದಲ್ಲ. ತೋರಣಹಾಳದ ಹೆಣ್ಣುಮಕ್ಕಳೆಂದರೆ ಭಾಳ ಸಂಸ್ಕಾರವಂತರು ಎಂದು ಸುತ್ತ ಹತ್ತೂರಿನಲ್ಲಿ ಹೆಸರು. ಯಾಕೆ? ನಾವು ಬಾಯಿಗೆ ಸೆರಗು ಹಿಡಿಯದೆ ನಗುವುದಿಲ್ಲ. ಒಮ್ಮೆ ಒಬ್ಬ ದೊಡ್ಡ ಭಾಷಣಕಾರರು ನಮ್ಮ ಸಾಲಿಯ ಕಾರ್ಯಕ್ರಮಕ್ಕೆ ಬಂದು, ಸೆರಗಿನ ಮರೆಯಲ್ಲಿ ನಗುವ ಈ ತಾಯಂದಿರೇ ನಾಡಿನ ಸಂಸ್ಕೃತಿಯ ಕಾವಲುಗಾರರು ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನಾವು ಸೆರಗಿನೊಳಗೇ ಇನ್ನಷ್ಟು ನಕ್ಕೆವು. ಗಂಡಸರಿಗೆ ಸೆರಗಿಲ್ಲ, ಮೀಸೆ ಇದೆ. ನಮ್ಮೂರಿನಷ್ಟು ತುಟಿ ಮುಚ್ಚುವ ಮೀಸೆಗಳನ್ನು ನೀವು ಬೇರೆಲ್ಲೂ ನೋಡಲಾರಿರಿ. ಹೊರಗಿನವರು ಅದನ್ನು ಗಂಡಸುತನವೆಂದರು.

ಸೌಹಾರ್ದದ ವಿಷಯದಲ್ಲಿಯೂ ನಾವು ಮುಂದು. ನಮ್ಮ ಗಂಡನ ಮನೆಯವರ ಹಲ್ಲು, ಬಂದಗಿಸಾಬ ಕಾಕಾರ ಹಲ್ಲು, ಮಠದ ಅಯ್ಯನವರ ಹಲ್ಲು, ನಮ್ಮ ಕೇರಿಯವರ ಹಲ್ಲು, ಪಕ್ಕಪಕ್ಕ ಇಟ್ಟರೆ ಯಾರದು ಯಾವುದೆಂದು ಯಾವ ಧರ್ಮಗುರುವೂ ಹೇಳಲಾರ. ಸಮಾನತೆ ತರುವುದಕ್ಕೆ ನಾನು ವರ್ಷಗಟ್ಟಲೆ ಬೀದಿ ಸುತ್ತಿದೆ. ಬೋರವೆಲ್ಲು ಕುಳಿತಲ್ಲೇ ತಂದುಬಿಟ್ಟಿತು.

ನಗುತ್ತಿದ್ದೀರಿ. ನಗಿ. ನನ್ನದೊಂದು ಕಥೆ ಹೇಳುತ್ತೇನೆ.

ನನ್ನನ್ನು ನೋಡಲು ಮುದ್ದೇಬಿಹಾಳದ ಕಡೆಯಿಂದ ಒಂದು ಮನೆಯವರು ಬಂದಿದ್ದರು. ಹುಡುಗ ನೌಕರಿಯಲ್ಲಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವ್ವ ನನಗೆ ಬೆಳಗಿನಿಂದ ಒಂದೇ ಪಾಠ. "ತಲಿ ತಗ್ಗಿಸು. ಕೇಳಿದ್ದಕ್ಕ ಹೂಂ ಅನ್ನು. ಹಲ್ಲ ಬಿಡಬ್ಯಾಡ." ಎಲ್ಲ ಸರಿಯಾಗಿಯೇ ನಡೆದಿತ್ತು. ಹುಡುಗಿ ಎಷ್ಟು ಗಂಭೀರ ಎಂದು ಅವರ ಸೋದರತ್ತೆ ಎರಡು ಸಲ ಹೇಳಿದ್ದಳು. ನಾನು ಚಹಾದ ಟ್ರೇ ಹಿಡಿದು ನಿಂತಿದ್ದೆ. ಹುಡುಗ ಚಹಾವನ್ನು ಬಶಿಗೆ ಸುರುವಿಕೊಂಡು, ದೊಡ್ಡ ಉಸಿರು ತೆಗೆದು ಊದಿದ. ಅರ್ಧ ಚಹಾ ಅವನ ಬಿಳಿ ಅಂಗಿಯ ಮೇಲೆ, ಅರ್ಧ ಸೋದರತ್ತೆಯ ಮಡಿಲಲ್ಲಿ. ನನಗೆ ನಗು ತಡೆಯಲಿಲ್ಲ. ಎರಡೂ ಕೈಯಲ್ಲಿ ಟ್ರೇ ಇತ್ತಲ್ಲ, ಸೆರಗು ಎಲ್ಲಿಂದ ಹಿಡಿಯಲಿ?

ಸೋದರತ್ತೆ ಮಡಿಲು ಒರೆಸಿಕೊಳ್ಳುವುದನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡಿದಳು. "ಹುಡುಗಿ ತಂಬಾಕ ತಿಂತಾಳೇನ್ರಿ?"

ಅವ್ವ ಹೇಳಿದಳು. "ಇಲ್ರಿ ಯವ್ವಾ. ನೀರ ಕುಡೀತಾಳ್ರಿ."

ಮನಿಗೆ ಹೋಗಿ ತಿಳಸ್ತೀವಿ ಎಂದು ಹೋದರು. ಇನ್ನೂ ತಿಳಿಸಿಲ್ಲ. ಮುದ್ದೇಬಿಹಾಳದವರು ಯಾರಾದರೂ ಈ ಸಭೆಯಲ್ಲಿದ್ದರೆ, ಅವರಿಗೆ ಹೇಳಿಬಿಡಿ, ನಾನು ಇನ್ನು ಕಾಯುವುದಿಲ್ಲ.

ಹೊರಗಿನವರು ನಮ್ಮಲ್ಲಿ ಹೆಣ್ಣು ಒಯ್ಯುವುದಿಲ್ಲ, ಕೊಡುವುದಕ್ಕೂ ಅನುಮಾನ. ಹೀಗಾಗಿ ನಮ್ಮೂರಿನಲ್ಲಿ ಊರೊಳಗೇ ಲಗ್ನವಾಗುವುದು ಜಾಸ್ತಿ. ನನಗೂ ಹಾಗೇ ಗುರಪ್ಪನವರು ಸಿಕ್ಕರು. ಮದುವೆಯಾದ ಹೊಸತರಲ್ಲಿ ಅವರ ಮುಂದೆಯೂ ನಾನು ಸೆರಗು ಹಿಡಿಯುತ್ತಿದ್ದೆ. ಒಂದು ದಿನ ಕೈ ಹಿಡಿದು ಕೆಳಗಿಳಿಸಿದರು. "ನಿನ್ನ ಹಲ್ಲ ನೋಡಿ ನಾ ಯಾಕ ಅಂಜಲಿ? ನಂದೂ ಅದ ಬೋರವೆಲ್ಲ" ಎಂದರು. ಆವತ್ತಿನಿಂದ ನಮ್ಮಿಬ್ಬರ ನಡುವೆ ಮರೆ ಇರಲಿಲ್ಲ. ಹೊರಗೆ ಘೋಷಣೆ ಕೂಗುವಾಗಲೂ ಕೈ ತಂತಾನೇ ಬಾಯಿಗೆ ಹೋಗುತ್ತಿದ್ದ ಹೆಂಗಸು ನಾನು. ಮನೆಯಲ್ಲಿ ಮಾತ್ರ ಬಾಯ್ತುಂಬ ನಗುತ್ತಿದ್ದೆ.

ಇರಲಿ. ಇದನ್ನೆಲ್ಲ ಹೇಳಲು ಬಂದದ್ದಲ್ಲ. ಶಿಬಿರದ ಬಗ್ಗೆ ಹೇಳಬೇಕು.

ಕಾಳಪ್ಪ ಸಾವಕಾರರು ಉಚಿತ ನಗುಮೊಗ ಶಿಬಿರ ಘೋಷಿಸಿದಾಗ ಮೊದಲು ಕೈ ಎತ್ತಿದವಳು ನಾನೇ. ಯಾಕೆ ಸುಳ್ಳು ಹೇಳಲಿ? ಬೇಕಾಗಿತ್ತು. ಡಾಕ್ಟರ್ ಅನೀಲಕುಮಾರರು ಕೈಗುಣವುಳ್ಳವರು. ಅವರೇ ಬಿಡಿಸಿ ಹೇಳಿದರು. ವೆನಿಯರ್ ಎಂದರೆ ಹಲ್ಲಿನ ಮುಂಭಾಗವನ್ನು ತೆಳ್ಳಗೆ ಕೆರೆದು, ಅದರ ಮೇಲೆ ಉಗುರಿನಂಥ ಬಿಳಿ ಚಕ್ಕೆ ಅಂಟಿಸುವುದು. ಕ್ಯಾಪು ಎಂದರೆ ಹಲ್ಲನ್ನು ಸುತ್ತಲೂ ಅರೆದು, ಗೂಟದ ಹಾಗೆ ಸಣ್ಣದು ಮಾಡಿ, ಮೇಲೆ ಪೂರ್ತಿ ಹೊಸ ಹಲ್ಲು ತೊಡಿಸುವುದು. ಒಮ್ಮೆ ಅರೆದದ್ದು ಮತ್ತೆ ಬೆಳೆಯುವುದಿಲ್ಲ. ಕ್ಯಾಪಿಗೂ ಆಯುಷ್ಯ ಇದೆ. ಅದು ಸವೆದಾಗ ಮತ್ತೆ ಹೊಸದು ಹಾಕಿಸಬೇಕು, ಜೀವ ಇರುವವರೆಗೂ ಹಾಕಿಸುತ್ತಲೇ ಇರಬೇಕು. ನನ್ನ ಮುಂದಿನ ಹಲ್ಲುಗಳ ಅಂಚು ಉದುರಿದ್ದವು, ನನಗೆ ಕ್ಯಾಪು ಬೇಕೇ ಬೇಕಿತ್ತು. ಹಾಕಿದರು, ಚೆನ್ನಾಗಿ ಹಾಕಿದರು. ಬಸ್ಸಿನ ಕಿಟಕಿಯ ಗಾಜಿನಲ್ಲಿ ನಾನು ಈಗಲೂ ಕದ್ದು ನೋಡಿಕೊಳ್ಳುತ್ತೇನೆ.

ಬಣ್ಣ ಆರಿಸುವ ದಿನದ ಗಮ್ಮತ್ತು ಕೇಳಿ. ಡಾಕ್ಟರು ಒಂದು ಪಟ್ಟಿ ತಂದರು. ಪೇಂಟ್ ಅಂಗಡಿಯಲ್ಲಿ ಗೋಡೆಯ ಬಣ್ಣ ತೋರಿಸುತ್ತಾರಲ್ಲ, ಹಾಗೆ ಸಾಲಾಗಿ ಮಾದರಿ ಹಲ್ಲುಗಳು, ಹಾಲುಬಿಳಿಯಿಂದ ಕೆನೆಬಣ್ಣದವರೆಗೆ. "ಪಕ್ಕದ ಹಲ್ಲಿಗೆ ಹೊಂದೂ ಬಣ್ಣ ಆರಿಸಬೇಕ್ರಿ" ಎಂದರು. ಎಲ್ಲರೂ ನಮ್ಮ ನಮ್ಮ ಪಕ್ಕದ ಹಲ್ಲು ನೋಡಿಕೊಂಡೆವು. ಬೆಲ್ಲದ ಬಣ್ಣ ಆ ಪಟ್ಟಿಯಲ್ಲಿ ಇರಲಿಲ್ಲ. ಡಾಕ್ಟರು ತಲೆ ಕೆರೆದುಕೊಂಡರು. ಆಗ ಸಾವಕಾರರು ನಡುವೆ ಬಂದು ನಿರ್ಧಾರ ಮಾಡಿಬಿಟ್ಟರು. "ಎಲ್ಲಾರಿಗೂ ಒಂದ ಬಣ್ಣ ಹಾಕ್ರಿ ಡಾಕ್ಟ್ರ. ಬೆಳ್ಳಗ ಇದ್ದದ್ದು. ಗ್ರೂಪ್ ಫೋಟೋ ಚೊಲೊ ಬರ್ತೈತಿ."

ಸಾಲಿಯ ಸಮವಸ್ತ್ರದ ಹಾಗೆ ನಮಗೆ ಸಮದಂತ ಸಿಕ್ಕಿತು. ಫೋಟೋ ನಿಜಕ್ಕೂ ಚೆನ್ನಾಗಿ ಬಂತು. ಮೊದಲು ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಕಂದು ಹಲ್ಲು ನೋಡಿ ತೋರಣಹಾಳದವರು ಎನ್ನುತ್ತಿದ್ದರು. ಈಗ ಬಚ್ಚಲುಮನೆಯ ಟೈಲ್ಸಿನಂಥ ಬಿಳಿ ನೋಡಿ ತೋರಣಹಾಳದವರು ಎನ್ನುತ್ತಾರೆ. ಗುರುತು ಮಾತ್ರ ತಪ್ಪಲಿಲ್ಲ.

ಮಾಸ್ತರೇ, ನಿಮ್ಮ ಚೀಟಿ ಬಂತು. ಬೇಗ ಮುಗಿಸಿ ಎಂದು ಬರೆದಿದ್ದೀರಿ. ಮುಗಿಸುತ್ತೇನೆ. ಅಭಿನಂದನೆ ಎಂದ ಮೇಲೆ ಪೂರ್ತಿ ಮಾಡಬೇಕಲ್ಲವೇ? ಅರ್ಧ ಬಾಯಿ ತೆರೆಸಿ ಎದ್ದುಹೋದ ಡಾಕ್ಟರನ್ನು ಯಾರು ಮೆಚ್ಚುತ್ತಾರೆ?

ಗುಲನಾಜಳ ಸಂಗತಿ ಹೇಳದೆ ಶಿಬಿರದ ವರದಿ ಮುಗಿಯುವುದಿಲ್ಲ. ನಮ್ಮ ಪಕ್ಕದ ಮನೆಯ ರಮಜಾನಬಿ ಚಿಗವ್ವನ ಮೊಮ್ಮಗಳು. ಡಿಗ್ರಿ ಓದುವ ಹುಡುಗಿ. ಅವಳ ಹಲ್ಲು ಗಟ್ಟಿಯಾಗಿದ್ದವು, ಅಲ್ಲಲ್ಲಿ ತಿಳಿ ಚುಕ್ಕೆ ಅಷ್ಟೇ. ಡಾಕ್ಟರು ಸ್ಪಷ್ಟವಾಗಿ ಹೇಳಿದರು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. "ಈ ಹುಡುಗಿಗಿ ಏನೂ ಅರೆಯೂದು ಬ್ಯಾಡ. ಬರೇ ಪಾಲಿಶ್ ಮಾಡಿದ್ರ ಸಾಕು." ಸಾವಕಾರರು ಏನೆಂದರು? "ಪಾಲಿಶ್ ಫೋಟೋದಾಗ ಕಾಣಂಗಿಲ್ರಿ. ಕ್ಯಾಪ್ ಹಾಕ್ರಿ. ನಮ್ಮ ಶಿಬಿರದಾಗ ಕಡಿಮಿ ಕೆಲಸ ಇಲ್ಲ."

ಡಾಕ್ಟರೇ, ತಲೆ ತಗ್ಗಿಸಬೇಡಿ. ಒಂದು ಸಲವಲ್ಲ, ಎರಡು ಸಲ ನೀವು ಬೇಡವೆಂದಿರಿ, ನಾನು ಕೇಳಿಸಿಕೊಂಡಿದ್ದೇನೆ. ಮೂರನೇ ಸಲ ಅನ್ನಲಿಲ್ಲ. ಗುಲನಾಜಳ ಒಳ್ಳೆಯ ಹಲ್ಲುಗಳನ್ನು ಗೂಟ ಮಾಡಿ ಕ್ಯಾಪು ತೊಡಿಸಿದಿರಿ. ಫೋಟೋಕ್ಕಾಗಿ ಗಟ್ಟಿ ಹಲ್ಲು ಅರೆದ ಶಿಬಿರ ಈ ಭೂಮಿಯ ಮೇಲೆ ಇನ್ನೆಲ್ಲಾದರೂ ನಡೆದಿದೆಯೇ? ನಾನು ಕೇಳುತ್ತೇನೆ, ನಡೆದಿದೆಯೇ?

ಮುಂದೆ ಎಳ್ಳಮಾವಾಸಿ ಬಂತು. ಆವತ್ತು ನಾವು ಹೊಲದಲ್ಲಿ ಭೂಮ್ತಾಯಿಗೆ ಎಡೆಯ ಚರಗ ಚೆಲ್ಲಿ ಕುಳಿತು ತಿನ್ನುವುದೇನು? ಎಳ್ಳು ಹಚ್ಚಿದ ಕಟಕ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಕೊನೆಗೆ ಕಬ್ಬು. ನಾವು ಹೊರಡುವಾಗ ಡಾಕ್ಟರು ಎಲ್ಲರಿಗೂ ಹೇಳಿದ್ದರು, ಗಟ್ಟಿಯಾದದ್ದನ್ನು ಮುಂದಿನ ಹಲ್ಲಿನಿಂದ ಕಡಿಯಬೇಡಿ ಎಂದು. ಡಾಕ್ಟರೇ, ಈ ನಾಡಿನಲ್ಲಿ ಮೆತ್ತಗಿರುವುದು ಏನಿದೆ, ನೀವೇ ಹೇಳಿ? ನೆಲ ಗಟ್ಟಿ, ರೊಟ್ಟಿ ಗಟ್ಟಿ, ಮಾತು ಗಟ್ಟಿ. ಹಬ್ಬ ಬರುವುದು ಕ್ಯಾಲೆಂಡರಿನಲ್ಲಿತ್ತು. ಆದರೆ ಶಿಬಿರದ ದಿನ ನಿಗದಿಯಾದದ್ದು ಸಾವಕಾರರ ಹುಟ್ಟುಹಬ್ಬ ನೋಡಿಕೊಂಡು. ನಿಮ್ಮ ಅಂಟು ಹಸಿಯಾಗಿರುವಾಗಲೇ ನಮ್ಮ ರೊಟ್ಟಿ ಒಣಗಿ ಕೂತಿತ್ತು. ಆ ಮಧ್ಯಾಹ್ನ ಹೊಲದ ಬದುವಿನ ಮೇಲೆ ಹೆಂಗಸರು ಊಟ ಬಿಟ್ಟು ಭೂಮ್ತಾಯಿಯನ್ನು ತಡಕಾಡುತ್ತಿದ್ದರು. ಒಬ್ಬಳ ಚಕ್ಕೆ ಜೋಳದ ಬುಡದಲ್ಲಿ, ಇನ್ನೊಬ್ಬಳ ಕ್ಯಾಪು ಬದನೆಕಾಯಿ ಎಣ್ಣೆಗಾಯಿಯಲ್ಲಿ. ಗುಲನಾಜಳ ಒಂದು ಕ್ಯಾಪು ಕಬ್ಬಿನ ಗಣಿಕೆಗೆ ಸಿಕ್ಕಿಕೊಂಡು ಕಬ್ಬೇ ಹಲ್ಲು ಕಿಸಿದಂತೆ ಕಂಡಿತು.

ರಮಜಾನಬಿ ಚಿಗವ್ವ ಆ ಕ್ಯಾಪನ್ನು ಸೆರಗಿನ ಪದರಲ್ಲಿ ಕಟ್ಟಿಕೊಂಡು ಮರುದಿನವೇ ಸಿಂದಗಿಗೆ ಬಂದಳು. "ಡಾಕ್ಟರಪ್ಪಾ, ನೀ ನಮ್ಮ ಹುಡುಗಿಗಿ ತಿನ್ನಾಕ ಹಲ್ಲು ಕೊಟ್ಟಿಯೋ, ತೋರಸಾಕ ಹಲ್ಲು ಕೊಟ್ಟಿಯೋ?"

ಡಾಕ್ಟರು ಮತ್ತೆ ಅಂಟಿಸಿ ಕೊಟ್ಟರು. ಆ ಪ್ರಶ್ನೆ ಮಾತ್ರ ಅವರಿಗೆ ಕೇಳಿದ್ದಾಗಿರಲಿಲ್ಲ, ಸಾವಕಾರರಿಗೆ ಕೇಳಿದ್ದಾಗಿತ್ತು.

ನನ್ನ ಮನೆಯಲ್ಲಿ ಆದದ್ದೂ ಒಂದಿದೆ. ನಾನು ಹೊಸ ಹಲ್ಲು ಹಾಕಿಸಿಕೊಂಡು ಬಂದ ದಿನ ಗುರಪ್ಪನವರು ಬಹಳ ಹೊತ್ತು ನೋಡಿದರು. ಚೊಲೊ ಆಗ್ಯಾವು ಎಂದರು. ಆಮೇಲೆ ನಾನೇನೋ ಹೇಳಿದೆ, ಅವರಿಗೆ ನಗು ಬಂತು. ಹೆಗಲ ಮೇಲಿನ ಟವೆಲ್ ತೆಗೆದು ಬಾಯಿಗೆ ಅಡ್ಡ ಹಿಡಿದರು. ನನ್ನ ಮುಂದೆ. ಆವತ್ತಿನಿಂದ ಹಾಗೇ. ಗಂಡಸರಿಗೆ ಶಿಬಿರ ಇರಲಿಲ್ಲ ನೋಡಿ. ಫೋಟೋಕ್ಕೆ ಗಂಡಸರು ಚಂದ ಕಾಣುವುದಿಲ್ಲವಂತೆ.

ಈ ಮಾತು ಬರೆದುಕೊಂಡು ಬಂದಿರಲಿಲ್ಲ. ಬಂತು, ಹೋಗಲಿ. ನೀರಿನ ಘಟಕಕ್ಕೆ ಬರುತ್ತೇನೆ.

ಇಂಜಿನಿಯರ್ ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಸಾಹೇಬರೇ, ನಿಮ್ಮದೇ ವಿಷಯ ಈಗ ಬಂತು, ಸ್ವಲ್ಪ ಇರಿ. ನಾವು ಧರಣಿ ಕುಳಿತು, ರಸ್ತೆ ತಡೆದು, ಲಾಠಿ ತಿಂದು ತಂದ ಘಟಕ ಅದು. ಕಟ್ಟಡ ಆಯಿತು, ಯಂತ್ರ ಬಂತು, ಕರೆಂಟು ಬಂತು. ಒಂದು ದಿನ ನಡೆಸಿಯೂ ನೋಡಿದರು. ಶುದ್ಧ ನೀರು ಬಂತು. ರಮಜಾನಬಿ ಚಿಗವ್ವ ಒಂದು ತಂಬಿಗೆ ಕುಡಿದು "ಸಪ್ಪಗೈತಲ್ಲೋ!" ಎಂದು ಮುಖ ಕಿವುಚಿದಳು. ಜೀವನವಿಡೀ ಕಲ್ಲು ಕರಗಿದ ನೀರು ಕುಡಿದವಳಿಗೆ ಬರೀ ನೀರು ಸಪ್ಪಗೇ ಇರುತ್ತದೆ. ಅದೇ ಸಂಜೆ ಬಾಗಿಲಿಗೆ ಕೀಲಿ ಬಿತ್ತು. ಯಂತ್ರ ಕೆಟ್ಟಿತೆ? ಇಲ್ಲ. ನೀರು ಬತ್ತಿತೆ? ಇಲ್ಲ. ಉದ್ಘಾಟನೆ ಆಗಿಲ್ಲ!

ಉದ್ಘಾಟನೆ ಯಾಕೆ ಆಗಿಲ್ಲ? ಕಲ್ಲಿನ ಮೇಲೆ ಯಾರ ಹೆಸರು ಮೇಲೆ ಬರಬೇಕು ಎಂಬ ಪ್ರಶ್ನೆ. ತಮ್ಮ ಹೆಸರು ಎಂದು ಸಾವಕಾರರು. ತಮ್ಮದು ಎಂದು ಅವರ ಎದುರು ಪಾರ್ಟಿಯವರು. ಸಾವಕಾರರು ಒಂದು ಕಲ್ಲು ಕೆತ್ತಿಸಿದರು, ರಾತ್ರೋರಾತ್ರಿ ಅದು ಮಾಯವಾಯಿತು. ಎದುರಿನವರು ಒಂದು ಕೆತ್ತಿಸಿದರು, ಅದೂ ಮಾಯವಾಯಿತು. ಎರಡೂ ಕಲ್ಲು ಎಲ್ಲಿವೆ ಎಂದು ಈ ವೇದಿಕೆಯ ಮೇಲಿನ ಗಣ್ಯರು ಚಿಂತೆ ಮಾಡಬಾರದು. ನಮ್ಮ ಹಳ್ಳದ ದಂಡೆಯಲ್ಲಿವೆ. ಬೋರಲು ಹಾಕಿ ಅರಿವೆ ಒಗೆಯುತ್ತೇವೆ. ಒಳ್ಳೆಯ ನುಣುಪು ಕಲ್ಲು. ನಿಮ್ಮಿಬ್ಬರ ಹೆಸರೂ ದಿನಾ ಸ್ವಚ್ಛವಾಗುತ್ತಿದೆ.

ಅರ್ಜಿ ಕೊಟ್ಟೆವು. ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು, ತೋರಣಹಾಳದಲ್ಲಿ ಹಲ್ಲಿನ ಸಮಸ್ಯೆ ಇರುವುದು ನಿಜವೇ ಎಂದು. ಆಗ ಹುಟ್ಟಿದ್ದು ಈ ನಗುಮೊಗ ಶಿಬಿರ. ಕೀಲಿ ತೆಗೆಯುವುದಕ್ಕಿಂತ ಹಲ್ಲು ಮುಚ್ಚುವುದು ಸುಲಭ ಎಂದು ಯಾರಿಗೆ ಹೊಳೆಯಿತೋ, ಅವರಿಗೆ ಈ ಶಾಲು ಹೊದಿಸಬೇಕು. ಪ್ರಶ್ನೆಯ ಮೇಲೆಯೇ ಒಂದು ಕ್ಯಾಪು ತೊಡಿಸಿಬಿಟ್ಟರು!

ಇನ್ನು ಕಾವೇರಿ.

ನನ್ನ ಸೊಸೆ ಜಯಮಾಲಾ ಇಂಗಳೇಶ್ವರದವಳು. ಹಟ ಮಾಡಿ ನನ್ನ ಮಗನನ್ನು ಮೆಚ್ಚಿ ಬಂದಳು. ಬಂದಾಗ ಬಾಯ್ತುಂಬ ಮಲ್ಲಿಗೆ ಮೊಗ್ಗು. ಕೈ ಅಡ್ಡ ಇಲ್ಲದೆ ನಕ್ಕರೆ ಇಡೀ ಓಣಿ ತಿರುಗಿ ನೋಡುತ್ತದೆ. ಶಿಬಿರಕ್ಕೆ ನಾನು ಬಾಯಿ ತೋರಿಸಲು ಬಂದಾಗ ಅವಳೂ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಡಾಕ್ಟರರ ಮುಂದೆ ಒಂದೇ ಪ್ರಶ್ನೆ ಕೇಳಿದಳು. "ಡಾಕ್ಟರ್ರ, ನನ್ನ ಮಗಳ ಹಲ್ಲು ನನ್ನಂಗ ಬರ್ತಾವೋ, ನಮ್ಮ ಅತ್ತಿಯಂಗ ಬರ್ತಾವೋ?"

ಡಾಕ್ಟರು ಆವತ್ತು ಹೇಳಿದ್ದನ್ನು ನಾನು ಮರೆತಿಲ್ಲ. "ತಂಗಿ, ಈಗ ಬಾಯಾಗ ಇರೂ ಹಾಲಹಲ್ಲು ಬಿದ್ದು ಹೋಗ್ತಾವು. ಖಾಯಂ ಬರೂ ಮುಂದಿನ ಹಲ್ಲು ಒಸಡಿನ ಒಳಗ ಈಗ ಕಟ್ಟಾಕತ್ತಾವು. ಇನ್ನೊಂದೆರಡ ವರ್ಷದಾಗ ಕಟ್ಟಿ ಮುಗಿಯೂದರಾಗ ಏನ ನೀರು ಕುಡೀತಾಳೋ ಅದರ ಮ್ಯಾಲ ಐತಿ. ಬಾಯಾಗಿನ ಹಲ್ಲು ನಾ ರಿಪೇರಿ ಮಾಡತೇನಿ. ಒಸಡಿನ ಒಳಗಿನ ಹಲ್ಲಿಗೆ ನನ್ನ ಹತ್ರ ಏನೂ ಇಲ್ಲ. ಅದಕ್ಕ ಚೊಲೊ ನೀರೊಂದ ಮದ್ದು."

ಸೊಸೆ ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಎಷ್ಟು ದಿನ ಇರಲು ಸಾಧ್ಯ? ಬಂದಳು. ಸಿಂದಗಿಯಿಂದ ಕ್ಯಾನಿನ ನೀರು ತರಿಸಿದೆವು. ಗಾಡಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಮತ್ತೆ ನಮ್ಮ ಮನೆಯ ಮಗುವಿಗೆ ಕ್ಯಾನು ತರಿಸಬಹುದು, ಊರಿನ ತೊಟ್ಟಿಲುಗಳಿಗೆಲ್ಲ ಯಾರು ತರಿಸುತ್ತಾರೆ? ಘಟಕ ನಮ್ಮ ಮನೆಯ ಕಟ್ಟೆಯಿಂದ ಕಾಣುತ್ತದೆ. ಒಳಗೆ ಯಂತ್ರದ ಹಸಿರು ದೀಪ ಹಗಲೂರಾತ್ರಿ ಮಿಣುಕುತ್ತಿರುತ್ತದೆ. ಕಾವೇರಿ ಅದನ್ನು ತೋರಿಸಿ "ಯಮ್ಮಾ, ಅಲ್ಲಿ ಮಿಂಚಹುಳ" ಎನ್ನುತ್ತಾಳೆ. ಆ ಮಗುವಿನ ಒಸಡಿನೊಳಗೆ, ಈಗ, ನಾನು ಈ ಮೈಕು ಹಿಡಿದು ನಿಂತಿರುವ ಈ ಹೊತ್ತಿನಲ್ಲಿ, ಹಲ್ಲು ಕಟ್ಟುತ್ತಿದೆ. ಉದ್ಘಾಟನೆಯ ಮುಹೂರ್ತಕ್ಕೆ ಅದು ಕಾಯುತ್ತದೆಯೇ? ಕಲ್ಲಿನ ಮೇಲೆ ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ ಎಂದು ಇತ್ಯರ್ಥವಾಗುವವರೆಗೆ ಕಾಯುತ್ತದೆಯೇ?

ಮತ್ತೊಂದು ಚೀಟಿ. ಈಗ ಆ ಮಾತು ಹೇಳಿ ಕುಳಿತುಕೊಳ್ಳಿ ಎಂದಿದ್ದೀರಿ, ಮಾಸ್ತರೇ. ಹೇಳುತ್ತೇನೆ. ಪತ್ರಿಕೆಯವರು ಬರೆದುಕೊಳ್ಳಿ, ದಪ್ಪ ಅಕ್ಷರದಲ್ಲಿ ಹಾಕಬೇಕಂತೆ. ತೋರಣಹಾಳದ ಹಲ್ಲಿನ ಸಮಸ್ಯೆ ಬಗೆಹರಿದಿಲ್ಲ. ಅದಕ್ಕೆ ಬಣ್ಣ ಬಳಿಯಲಾಗಿದೆ. ಅದು ಬಗೆಹರಿಯುವ ದಾರಿ ಇವತ್ತಿನಿಂದ ಶುರುವಾಗಿದೆ. ಇವತ್ತಿನಿಂದ ಎಂದು ಯಾಕೆ ಹೇಳಿದೆ ಎಂದು ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ.

ಈಗಷ್ಟೇ ನನ್ನ ಫೋನು ನಡುಗಿತು. ಜಯಮಾಲಾ ಒಂದು ಫೋಟೋ ಕಳಿಸಿದ್ದಾಳೆ. ಘಟಕದ ನಲ್ಲಿಯಲ್ಲಿ ನೀರು ಬರುತ್ತಿದೆ. ಕಾವೇರಿ ಎರಡೂ ಕೈಯಲ್ಲಿ ಲೋಟ ಹಿಡಿದು, ಮೂಗಿನವರೆಗೆ ಮುಳುಗಿಸಿ ಕುಡಿಯುತ್ತಿದ್ದಾಳೆ. ಹಿಂದೆ ಕೊಡಗಳ ಸಾಲು ಹನುಮಂತ ದೇವರ ಗುಡಿಯನ್ನೂ ದಾಟಿದೆ.

ಏಳಬೇಡಿ ಪೊಲೀಸ್ ಸಾಹೇಬರೇ, ಕೂಡ್ರಿ. ನಿಮ್ಮ ಜೀಪು ನಮ್ಮೂರು ಮುಟ್ಟುವ ಹೊತ್ತಿಗೆ ಟ್ಯಾಂಕು ಖಾಲಿಯಾಗಿರುತ್ತದೆ. ಗುತ್ತಿಗೆದಾರರೇ, ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದೀರಿ. ಕೀಲಿಕೈ ಅಲ್ಲೇ ಇದೆ, ಯಾರೂ ಕದ್ದಿಲ್ಲ. ಕೀಲಿಯನ್ನೂ ಯಾರೂ ಒಡೆದಿಲ್ಲ, ನಾವು ಕಾನೂನು ಬಲ್ಲವರು. ನನ್ನ ಗಂಡ ಗುರಪ್ಪನವರು ಮತ್ತು ಬಂದಗಿಸಾಬ ಕಾಕಾರ ಮಗ ನಿಯಾಜ ಸೇರಿ ಬಾಗಿಲಿನ ತಿರುಗಣಿ ಬಿಚ್ಚಿ, ಬಾಗಿಲನ್ನು ಕೀಲಿ ಸಮೇತ ಎತ್ತಿ ಪಕ್ಕದ ಗೋಡೆಗೆ ಆನಿಸಿದ್ದಾರೆ. ನಿಮ್ಮ ಕೀಲಿ ಭದ್ರವಾಗಿದೆ. ಯಾವಾಗ ಬೇಕಾದರೂ ಬಂದು ಆ ಬಾಗಿಲನ್ನು ಒಯ್ಯಬಹುದು. ಯಂತ್ರದ ಹತ್ತಿರ ಮಾತ್ರ ಬರಬೇಡಿ, ಅಲ್ಲಿ ಊರಿನ ಹೆಂಗಸರು ಪಾಳಿ ಹಚ್ಚಿ ಕುಳಿತಿರುತ್ತಾರೆ.

ಈಗ ವಂದನಾರ್ಪಣೆ. ಇದು ನನ್ನ ಕೆಲಸವಲ್ಲ, ಆದರೂ ನನ್ನಷ್ಟು ಮನಸಾರೆ ಇದನ್ನು ಮಾಡುವವರು ಇವತ್ತು ಯಾರೂ ಇಲ್ಲ. ತಮ್ಮ ಅಮೂಲ್ಯ ಸಮಯ ಕೊಟ್ಟು ಬೆಳಗಿನಿಂದ ಇಲ್ಲೇ ಕುಳಿತ ಇಂಜಿನಿಯರ್ ಸಾಹೇಬರಿಗೆ, ತಮ್ಮ ಸಿಬ್ಬಂದಿಯನ್ನೆಲ್ಲ ಈ ಸಭಾಂಗಣಕ್ಕೇ ಕರೆತಂದ ಪೊಲೀಸ್ ಸಾಹೇಬರಿಗೆ, ಕೀಲಿಕೈ ಕಿಸೆಯಲ್ಲಿಟ್ಟುಕೊಂಡೇ ಸಿಂದಗಿಗೆ ಬಂದ ಗುತ್ತಿಗೆದಾರರಿಗೆ, ಇವರೆಲ್ಲರನ್ನೂ ಒಂದೇ ಕಡೆ ಸೇರಿಸುವಂಥ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡ ಕಾಳಪ್ಪ ಸಾವಕಾರರಿಗೆ, ನನ್ನ ಲಂಬಾ ಭಾಷಣ ಸಹಿಸಿಕೊಂಡ ನಿಮಗೆಲ್ಲರಿಗೂ ತೋರಣಹಾಳದ ಪರವಾಗಿ ಕೃತಜ್ಞತೆ. ನೀವೆಲ್ಲ ಇಷ್ಟು ಹೊತ್ತು ಇಲ್ಲಿ ಇರದಿದ್ದರೆ ಅಲ್ಲಿ ಇದು ಆಗುತ್ತಿರಲಿಲ್ಲ.

ಶಾಲು ಡಾಕ್ಟರಿಗೆ ಹೊದಿಸಿ. ಹಾರ ಸಾವಕಾರರಿಗೆ ಹಾಕಿ. ನನ್ನನ್ನು ಬಿಟ್ಟುಬಿಡಿ, ಬಸ್ಸಿಗೆ ಹೊತ್ತಾಯಿತು. ಮನೆಗೆ ಹೋಗಿ ಕೊಡ ತೆಗೆದುಕೊಂಡು ನಾನೂ ಪಾಳಿಯಲ್ಲಿ ನಿಲ್ಲಬೇಕು.

ನಮಸ್ಕಾರ.